ತೂಬಗೆರೆ ಧ್ವನಿಮೀಮಾಂಸೆ

ಅಥ ಎಕೋ-ಪ್ರಕರಣಂ ವ್ಯಾಖ್ಯಾಸ್ಯಾಮಃ. ತೂಬಗೆರೆಯ ನಮ್ಮ ಹೊಸ ಮನೆಯ ಹಾಲಿನಲ್ಲಿ ಅಜ್ಜಿಯ ಸೋಬಾನೆ ಪದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಾಗ ಆಕೆ ಎತ್ತಿದ ಪ್ರಶ್ನೆಯೇ ಈ ಶಾಸ್ತ್ರಕ್ಕೆ ಮೂಲ: “ಯಾವಳ್ಲಾ ಅವಳು, ನನ್ ಹಿಂದಿಂದೇ ಹಾಡ್ತಾವ್ಳೆ?”

ಸೂತ್ರ 1: ಎಕೋ ಅಂದದ್ದೆಲ್ಲ ಎಕೋ ಅಲ್ಲ.
ವೃತ್ತಿ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆ 17 ಮೀಟರಾದರೂ ದೂರವಿದ್ದರೆ ಮಾತು ಬಿಡಿಯಾಗಿ ಮರಳೀತು, ಅದು ಪ್ರತಿಧ್ವನಿ. ವಿಜಯಪುರದ ಗೋಲಗುಮ್ಮಟಕ್ಕೆ ಆ ಯೋಗ್ಯತೆ ಉಂಟು. ನಮ್ಮ ಹಾಲಿನದು ಬರೀ ಅನುರಣನ: ಗೋಡೆಗೆ ಬಡಿದ ಪದ ಮುಂದಿನ ಪದದ ಬಾಲಕ್ಕೆ ಅಂಟಿಕೊಳ್ಳುವುದು. ಕಾವ್ಯದ ಧ್ವನಿಯನ್ನು ವಿವರಿಸಲು ಆನಂದವರ್ಧನ ಅನುರಣನವನ್ನೇ ಉಪಮೆ ಮಾಡಿಕೊಂಡ. ಪಾಪ, ಟೈಲ್ಸ್ ಮನೆ ಕಂಡವನಲ್ಲ.

ಪೂರ್ವಪಕ್ಷ: “ದುಬಾರಿ ಮೈಕ್ ತಗೊಳ್ಳಿ” ಎಂದು ಸೋದರಮಾವ.
ಖಂಡನೆ: ಒಳ್ಳೆಯ ಮೈಕ್ ಗೋಡೆಯ ಮಾತನ್ನೂ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ.
ಮತ್ತೊಂದು ಪೂರ್ವಪಕ್ಷ: “ಆ್ಯಪಲ್ಲಿ ತೆಗೆಯೋಣ” ಎಂದು ತಂಗಿಯ ಮಗ.
ಖಂಡನೆ: ಮೊಸರಾದ ಮೇಲೆ ಹಾಲು ಕೇಳಿದಂತೆ. ಆ್ಯಪು ಎಕೋ ಜೊತೆಗೆ ಅಜ್ಜಿಯ ಅರ್ಧ ದನಿಯನ್ನೂ ನುಂಗಿತು.

ಸೂತ್ರ 2: ಕೆರೆಗೆ ತೂಬು, ಕೋಣೆಗೆ ಕಿಟಕಿ.
ವೃತ್ತಿ: ಊರ ಹೆಸರಲ್ಲೇ ತೂಬೂ ಇದೆ, ಕೆರೆಯೂ ಇದೆ, ಶಾಸ್ತ್ರಕಾರರು ಮಾತ್ರ ಗಮನಿಸಿಲ್ಲ. ಹಾರ್ವರ್ಡಿನ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು 5.5 ಸೆಕೆಂಡು ಅಲೆಯುತ್ತಿತ್ತು. 1895ರಿಂದ ವಾಲೇಸ್ ಸಬೈನ್ ಎಂಬ ಮೇಷ್ಟರು ರಾತ್ರಿಯೆಲ್ಲ ಕುರ್ಚಿ ಮೆತ್ತೆಗಳನ್ನು ಹೊತ್ತು ತಂದು, ಹರಡಿ, ಸ್ಟಾಪ್‌ವಾಚ್ ಹಿಡಿದು ಕೂತ. ಶಬ್ದ ಹೀರುವ ಶಕ್ತಿಗೆ ಆತ ಇಟ್ಟುಕೊಂಡ ಅಳತೆ, ತೆರೆದ ಕಿಟಕಿ. ಹೊರಗೆ ಹೋದ ದನಿ ಮರಳದು. ತೂಬೇ ತಾನೇ!

ಪ್ರಯೋಗ: ಕಿಟಕಿ ತೆರೆದೆವು. ಅನುರಣನ ಹೊರಟಿತು. ದೇವನಹಳ್ಳಿಯ ವಿಮಾನ, ಟ್ರ್ಯಾಕ್ಟರು, ಪಕ್ಕದ ಮನೆ ಮಿಕ್ಸಿ ಒಳಗೆ ಬಂದವು.

ಸಿದ್ಧಾಂತ: ಕಿಟಕಿ ಮುಚ್ಚು. ಗೋಡೆಗೆ ಕಂಬಳಿ, ನೆಲಕ್ಕೆ ಹಾಸಿಗೆ, ಮೂಲೆಗೆ ರಾಗಿ ಮೂಟೆ. ಮೊಬೈಲು ಬಾಯಿಂದ ಒಂದು ಗೇಣು. ದೂರ ಇಮ್ಮಡಿಸಿದರೆ ನೇರ ದನಿ 6 ಡೆಸಿಬಲ್ ಇಳಿಯುತ್ತದೆ, ಗೋಡೆಯ ದನಿ ಜಗ್ಗುವುದಿಲ್ಲ.

ಎಲ್ಲ ಹೊಂದಿಸಿ ಗುಂಡಿ ಒತ್ತಿದೆ. ಅಜ್ಜಿ ಕಂಬಳಿ ನೋಡಿದಳು, ಮೂಟೆ ನೋಡಿದಳು. “ನಮ್ ಹಳೇ ಮನೆ ಹಿಂಗೇ ಇತ್ತಲ್ಲ. ಅದನ್ಯಾಕ್ಲಾ ಕೆಡವುದ್ರಿ?”

ಈ ಪೂರ್ವಪಕ್ಷವೂ ರೆಕಾರ್ಡಾಗಿದೆ. ಒಂದಿಷ್ಟೂ ಎಕೋ ಇಲ್ಲ.