ಉಳಿದ ಕೂದಲುಗಳ ಗಮನಕ್ಕೆ

ನನ್ನ ನೆತ್ತಿ, ಹಿಂದಲೆ ಹಾಗೂ ಕಿವಿಯ ಆಸುಪಾಸಿನಲ್ಲಿ ಇನ್ನೂ ಕರ್ತವ್ಯನಿರತರಾಗಿರುವ ಸಮಸ್ತ ಕೂದಲುಗಳಿಗೆ,

ಮಾನ್ಯರೇ,

ಈ ತಿಂಗಳ ಕೊನೆಗೆ ಅಕ್ಕನ ಮಗಳ ಮದುವೆ. ಆರತಕ್ಷತೆಯ ಸಂಜೆ ನಿಮ್ಮ ಜೊತೆ ಕೆಲಸ ಮಾಡಲು ಹೊರಗಿನಿಂದ ಒಂದಷ್ಟು ಗುತ್ತಿಗೆ ಕೂದಲನ್ನು ತೆಗೆದುಕೊಳ್ಳಲು ತೀರ್ಮಾನಿಸಲಾಗಿದೆ. ಇನ್ನೊಬ್ಬರ ಬಾಯಿಂದ ಕೇಳಿ ನೊಂದುಕೊಳ್ಳುವ ಬದಲು ನನ್ನಿಂದಲೇ ತಿಳಿಯಲಿ ಎಂದು ಈ ಪತ್ರ. ಬಹಿರಂಗವಾಗಿ ಏಕೆ ಎಂದರೆ, ನಿಮ್ಮ ವಿಷಯ ಯಾವತ್ತೂ ಖಾಸಗಿಯಾಗಿ ಉಳಿದಿಲ್ಲ. ನೆಂಟರು ನನ್ನ ಕ್ಷೇಮ ಕೇಳುವ ಮೊದಲು ನಿಮ್ಮ ಕ್ಷೇಮ ಕೇಳುತ್ತಾರೆ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವಾಗಲೇ ಶುರು: “ಅಯ್ಯೋ, ಎಂಥಾ ಜಡೆ ಇತ್ತಲ್ಲೇ ನಿಂದು! ಈಗೇನೇ ಇದು ಇಲಿಬಾಲ?” ನನ್ನ ಮಂಡಿನೋವಿನ ಬಗ್ಗೆ ಈ ಕಾಳಜಿ ಯಾರಿಗೂ ಹುಟ್ಟಿದ್ದು ನಾನು ಕಾಣೆ.

ನಿಮ್ಮಲ್ಲಿ ಯಾರನ್ನೂ ನಾನು ಕೆಲಸದಿಂದ ತೆಗೆದವಳಲ್ಲ. ಒಂದು ತಲೆಗೆ ಸುಮಾರು 1 ಲಕ್ಷ ಹುದ್ದೆ ಮಂಜೂರಾಗಿರುತ್ತದೆ. ದಿನಕ್ಕೆ 50ರಿಂದ 100 ಮಂದಿ ನಿವೃತ್ತರಾಗುವುದು, ಅದೇ ಬುಡದಲ್ಲಿ ಹೊಸಬರು ಹಾಜರಾಗಿ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬಡ್ತಿ ಪಡೆಯುವುದು ವಾಡಿಕೆ. ಆದರೆ ಡೆಂಗಿ ಜ್ವರದ ಕಾಲಕ್ಕೆ ನೀವು ತೋರಿದ ಶಿಸ್ತು ಮಾತ್ರ ಮರೆಯುವಂಥದ್ದಲ್ಲ. ಪ್ಲೇಟ್‌ಲೆಟ್ ಇಳಿದು ನಾನು ಹಾಸಿಗೆ ಹಿಡಿದಾಗ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ನಾನು ಎದ್ದು ಓಡಾಡಿ, ಪಪ್ಪಾಯಿ ಎಲೆಯ ಕಹಿಯನ್ನೂ ಮರೆತು, ಎರಡು ಮೂರು ತಿಂಗಳಾದ ಮೇಲೆ ಹಿಡಿಹಿಡಿಯಾಗಿ ರಾಜೀನಾಮೆ ಕೊಟ್ಟಿರಿ. ಚರ್ಮರೋಗದ ವೈದ್ಯರಿಗೆ ಇದರಲ್ಲಿ ಏನೂ ಅಚ್ಚರಿ ಕಾಣಲಿಲ್ಲ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವ ಹುಚ್ಚು, ಇಂಥ ಯಾವುದೇ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ಜಾರುತ್ತದೆಯಂತೆ. ಆ ವಿಶ್ರಾಂತಿ ಮುಗಿಯುವ ಹೊತ್ತಿಗೆ ಉದುರುತ್ತದೆಯಂತೆ. ಹೆಚ್ಚಿನವರು ಮರಳುತ್ತಾರೆ ಎಂದರು. ಮರಳಿದಿರಿ, ಸುಳ್ಳು ಹೇಳಬಾರದು. ಋತುಬಂಧದ ಹೊಸ್ತಿಲಲ್ಲಿ ನಿಂತವಳ ತಲೆಗೆ ಮರಳಿದವರು ಹೋದವರಷ್ಟು ದಪ್ಪ ಇರಲಿಲ್ಲ, ಅಷ್ಟೇ.

ನಿಮ್ಮ ಮನವೊಲಿಸಲು ನಡೆದ ಸಂಧಾನಗಳನ್ನು ಬೆಳೆಸುವುದಿಲ್ಲ. ದಾಸವಾಳದ ಲೋಳೆ, ನೆನೆಸಿದ ಮೆಂತ್ಯ, ಭೃಂಗರಾಜ, ಈರುಳ್ಳಿ ರಸ. ಈರುಳ್ಳಿ ರಸದ ದಿನಗಳಲ್ಲಿ ಮನೆಯವರಿಗೆ ನನ್ನನ್ನು ಕಂಡಾಗಲೆಲ್ಲ ಹಸಿವಾಗುತ್ತಿತ್ತು. ಕೊನೆಗೆ ರಕ್ತಪರೀಕ್ಷೆ ಹೇಳಿದ್ದು ಫೆರಿಟಿನ್ ತಳ ಕಂಡಿದೆ, ಅಂದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದು. ಈಗ ಕಬ್ಬಿಣದ ಮಾತ್ರೆ, ಮಿನಾಕ್ಸಿಡಿಲ್ ಎರಡೂ ನಡೆದಿವೆ. ಮಿನಾಕ್ಸಿಡಿಲ್ ಹುಟ್ಟಿದ್ದು ರಕ್ತದೊತ್ತಡಕ್ಕೆ; ನುಂಗಿದವರ ಮೈಮೇಲೆಲ್ಲ ಕೂದಲು ಮೂಡಿದ್ದರಿಂದ ತಲೆಗೆ ಹಚ್ಚುವ ದ್ರವವಾಗಿ ಮರುಹುಟ್ಟು ಪಡೆಯಿತು, 1988ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಿಸುವುದು ಅದರ ಗೃಹಪ್ರವೇಶದ ಶಾಸ್ತ್ರ. ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಛತ್ರದ ಬುಕಿಂಗ್ ಕಾಯುವುದಿಲ್ಲ.

ಹಾಗಾಗಿ ಗುತ್ತಿಗೆಯವರ, ಅಂದರೆ ಎಕ್ಸ್‌ಟೆನ್ಶನ್ ಕೂದಲಿನ, ನೇಮಕಾತಿಗೆ ಸಲೂನೊಂದಕ್ಕೆ ಹೋದೆ. ಅಲ್ಲಿಯ ಹುಡುಗಿ ನಿಮ್ಮಲ್ಲಿ ನಾಲ್ಕು ಜನರನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, “ತುಂಬಾ ತೆಳು ಮೇಡಂ, ವಾಲ್ಯೂಮೇ ಇಲ್ಲ. ನಿಮಗೆ 220 ಗ್ರಾಮಿನ ಸೆಟ್ಟೇ ಬೇಕು” ಎಂದಳು. ಈ ತರ್ಕವನ್ನು ಎಷ್ಟು ಹೊಗಳಿದರೂ ಸಾಲದು. ಹೊರುವವರು ಕಡಿಮೆಯಾದಷ್ಟೂ ಹೊರೆ ಹೆಚ್ಚಿಸಬೇಕು ಎನ್ನುವುದು ನಮ್ಮ ನಾಡಿನ ಅದೆಷ್ಟೋ ಕಚೇರಿಗಳು ನಿಷ್ಠೆಯಿಂದ ಪಾಲಿಸಿಕೊಂಡು ಬಂದ ನೀತಿ. ಅದು ಈಗ ಕೇಶಾಲಂಕಾರ ಇಲಾಖೆಗೂ ವಿಸ್ತರಣೆಯಾಗಿದೆ. ನನ್ನ ಮುಖ ನೋಡಿ ಅವಳು ವಿಜ್ಞಾನವನ್ನೂ ಸೇರಿಸಿದಳು: ಒಂದು ಆರೋಗ್ಯವಂತ ಎಳೆ ಸುಮಾರು 100 ಗ್ರಾಂ ಭಾರ ತಡೆಯುತ್ತದಂತೆ. ಇರಬಹುದು. ಆ ಲೆಕ್ಕದಲ್ಲಿ 1 ಲಕ್ಷ ಎಳೆಗೆ 10 ಟನ್; ಎರಡು ಆನೆಗಳನ್ನು ಜಡೆಗೆ ಗಂಟು ಹಾಕಿಕೊಂಡು ಆರತಕ್ಷತೆಗೆ ಹೋಗಬಹುದು.

ಎಳೆ ತಡೆದೀತು, ಬುಡದ ಮಾತೇನು? ವಾರಗಟ್ಟಲೆ ಒಂದೇ ಕಡೆ ಜಗ್ಗುತ್ತಿದ್ದರೆ ಬುಡ ಕೆಂಪಾಗಿ ನೋಯುತ್ತದೆ, ಸಣ್ಣ ಗುಳ್ಳೆಗಳು ಏಳುತ್ತವೆ, ಹಣೆಯಂಚಿನಲ್ಲೋ ಕಿವಿಯ ಮುಂದೋ ಮೊದಲು ಖಾಲಿಯಾಗುತ್ತದೆ. ಆಗಲೇ ಜಗ್ಗುವುದನ್ನು ಬಿಟ್ಟರೆ ಮರಳಿ ಬೆಳೆದೀತು. ಬಿಡದಿದ್ದರೆ ಬುಡ ಕಲೆಗಟ್ಟಿ ಮುಚ್ಚಿಹೋಗಿ ಆ ಹುದ್ದೆಯೇ ರದ್ದಾಗುತ್ತದೆ. ವೈದ್ಯರು ಇದನ್ನು 1907ರಲ್ಲೇ ಗುರುತಿಸಿ ಬರೆದಿಟ್ಟಿದ್ದಾರೆ, ಕೂದಲನ್ನು ಬಿಗಿದು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ನಮ್ಮ ಕಡೆ ಅದಕ್ಕೆ ಶಿಸ್ತು ಎಂದು ಹೆಸರು. ಎರಡು ಜಡೆ ಹೆಣೆದು ರಿಬ್ಬನ್ ಬಿಗಿದಾಗ ಮಗಳ ಹುಬ್ಬು ಒಂದಂಗುಲ ಮೇಲೇರದಿದ್ದರೆ ಅದು ಜಡೆಯೇ ಅಲ್ಲ ಎಂದು ನಂಬಿದ್ದ ತಾಯಂದಿರ ಕೈಯಲ್ಲಿ ಬೆಳೆದವರು ನಾವು.

ಇನ್ನು ಅರ್ಜಿದಾರರ ಸಂದರ್ಶನದ ವರದಿ. ಮೈಕ್ರೋ ರಿಂಗ್ ಎಂಬ ಅಭ್ಯರ್ಥಿ ನಿಮ್ಮಲ್ಲಿ ಒಂದಿಷ್ಟು ಜನರನ್ನು ಸಣ್ಣ ಲೋಹದ ಬಳೆಯೊಳಗೆ ತೂರಿಸಿ, ಇಕ್ಕಳದಿಂದ ಹಿಸುಕಿ, ಆಮೇಲೆ ಆ ಕೆಲವರ ಕೊರಳಿಗೇ ನೇತುಬೀಳುತ್ತಾರೆ. ತಿರಸ್ಕೃತ. ಕೆರಾಟಿನ್ ಬಾಂಡ್ ಬಿಸಿ ಅಂಟಿನಿಂದ ಕೂತು, ಮೂರ್ನಾಲ್ಕು ತಿಂಗಳ ಮೇಲೆ ದ್ರಾವಕ ಹಾಕಿದರಷ್ಟೇ ಏಳುತ್ತಾರೆ. ಏಳುವಾಗ ಯಾರ ಜೊತೆ ಯಾರು ಹೊರಟುಹೋದರು ಎಂಬ ಲೆಕ್ಕ ಸಿಗುವುದಿಲ್ಲ. ಅವರೂ ಬೇಡ.

ಟೇಪ್ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ಸುಮಾರು 4 ಸೆಂಟಿಮೀಟರ್ ಅಗಲದ ಎರಡು ಅಂಟುಪಟ್ಟಿಗಳ ನಡುವೆ ನಿಮ್ಮದೊಂದು ತೆಳುಪದರ. ಭಾರ ಹೆಚ್ಚು ಮಂದಿಗೆ ಹಂಚಿಹೋಗುತ್ತದೆ, ಸಪಾಟಾಗಿ ಕೂರುತ್ತದೆ, ತೀರಾ ತೆಳುವಾದವರಿಗೆ ಒಂದೇ ಬದಿಯ ಪಟ್ಟಿಯೂ ಉಂಟು. ಆದರೆ ಆರರಿಂದ ಎಂಟು ವಾರ ಅಲ್ಲೇ ಠಿಕಾಣಿ. ನೀವು ಬೆಳೆದಂತೆ ಪಟ್ಟಿ ಕೆಳಗಿಳಿಯುತ್ತದೆ, ಆಗ ಬಿಡಿಸಿ ಮತ್ತೆ ಮೇಲೆ ಅಂಟಿಸಬೇಕು. ಅದಕ್ಕೂ ದೊಡ್ಡ ತೊಡಕು ಎಣ್ಣೆ. ಈ ಅಂಟು ಎಣ್ಣೆ ಕಂಡರೆ ಜಾರುತ್ತದೆ. ಅಕ್ಕ ಎಣ್ಣೆಶಾಸ್ತ್ರ ಇಟ್ಟುಕೊಂಡಿದ್ದಾಳೆ. ಮದುಮಗಳಿಗೆ ಹಚ್ಚಿ ಮಿಕ್ಕಿದ್ದು ನಮ್ಮೆಲ್ಲರ ನೆತ್ತಿಗೂ ಬರುತ್ತದೆ. ಬಟ್ಟಲು ಹಿಡಿದು ಬಂದ ಸೋದರತ್ತೆಯನ್ನು “ತಡೆಯಿರಿ, ನನ್ನ ಜಡೆ ಬಿಟ್ಟುಕೊಳ್ಳುತ್ತೆ” ಎಂದು ನಿಲ್ಲಿಸುವ ಹೆಂಗಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ.

ಹೇಲೋ ಎಂಬುದೊಂದಿದೆ. ತಲೆಯ ಸುತ್ತ ಕಾಣದಂಥ ನೈಲಾನ್ ತಂತಿ, ಅದಕ್ಕೆ ಹೊಲಿದ ಕೂದಲು, ಮೇಲಿನಿಂದ ನಿಮ್ಮದೇ ಪದರದ ಮರೆ. ಯಾರ ಬುಡಕ್ಕೂ ಜೋತುಬೀಳದ ಸಭ್ಯ ಜೀವಿ. ದುರ್ಬಲ ಕೂದಲಿಗೆ ನಾನು ಮೊದಲು ಹೇಳುವುದೇ ಇದನ್ನು. ಆದರೆ ನೆತ್ತಿಯ ಮೇಲಿನ ಪದರವೇ ತೆಳುವಾಗಿದ್ದರೆ ತಂತಿ ಇಣುಕುತ್ತದೆ, ನನ್ನದು ಇಣುಕಿತು. ಸಲೂನಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿಯೂ ಇಲ್ಲೇ ಇದೆ. ಎಕ್ಸ್‌ಟೆನ್ಶನ್ ಉದ್ದ ಕೊಡುತ್ತದೆ, ಇಕ್ಕೆಲ ತುಂಬುತ್ತದೆ, ಬೈತಲೆಯನ್ನು ಮುಚ್ಚುವುದಿಲ್ಲ. ಬೈತಲೆ ಅಗಲವಾದವರಿಗೆ ಬೇಕಾದದ್ದು ನೆತ್ತಿಯ ಮೇಲೆ ಕೂರುವ ಟಾಪರ್. ಮೇಲೆ ಬಯಲು, ಕೆಳಗೆ ಸೊಂಪಾದ ಜಡೆ ಇಳಿಬಿಟ್ಟರೆ ಊಟದ ಪಂಕ್ತಿಯ ಆ ತುದಿಯಿಂದಲೇ ಗುಟ್ಟು ರಟ್ಟಾಗುತ್ತದೆ.

ಕಡೆಗೆ ಆಯ್ಕೆಯಾದವರು ಕಿರಿದಾದ ಎರಡು ಕ್ಲಿಪ್ ಪಟ್ಟಿಗಳು, ಒಟ್ಟು 60 ಗ್ರಾಂ. ಹಾಕುವುದು ಜಡೆಯಲ್ಲ, ತುರುಬು; ತುರುಬಿಗೆ ಉದ್ದ ಬೇಡ, ಹೂವು ಮುಡಿದರೆ ಅರ್ಧ ಕೆಲಸ ಹೂವಿನದು. ಬೈತಲೆಯನ್ನು ತುಸು ಪಕ್ಕಕ್ಕೆ ಸರಿಸಲಾಗುವುದು. ಬಣ್ಣದ ವಿಷಯದಲ್ಲಿ ಅಂಗಡಿಯವರು 1 ಎಂದರೆ ಕಾಡಿಗೆಗಪ್ಪು, 1ಬಿ ಎಂದರೆ ನಮ್ಮಂಥವರ ಸಹಜ ಕಪ್ಪು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಬಾಗಿಲಾಚೆ ಬಿಸಿಲಿಗೆ ಹಿಡಿದು, ನಿಮ್ಮ ಬುಡಕ್ಕಲ್ಲ, ತುದಿಗೆ ಹೋಲಿಸಿ ತೆಗೆದುಕೊಂಡೆ. ಮೆಹಂದಿ ಹಚ್ಚಿಕೊಂಡವರ ಕಿತ್ತಳೆಗೆ ಹೊಂದುವ ನಂಬರು ಯಾವ ಕಂಪನಿಯ ಪಟ್ಟಿಯಲ್ಲೂ ನನಗೆ ಕಾಣಲಿಲ್ಲ. ಸಿಂಥೆಟಿಕ್ ಅಗ್ಗ, ಆದರೆ ಬಿಸಿಗೆ ಕರಗುತ್ತದೆ, ಹೋಮಕುಂಡದ ಪಕ್ಕ ಕೂರುವವರಿಗೆ ತಕ್ಕದ್ದಲ್ಲ.

ಗುತ್ತಿಗೆಯವರ ಪೂರ್ವಾಪರ ತಿಳಿಯುವ ಹಕ್ಕು ನಿಮಗಿದೆ. ಅವರು ದೂರದವರಲ್ಲ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಹರಕೆಯ ಮುಡಿಯಾಗಿ ಇಳಿದ ಕೂದಲು ಉದ್ದದ ಪ್ರಕಾರ ವಿಂಗಡವಾಗಿ ಇ-ಹರಾಜಾಗುತ್ತದೆ. ಬುಡ ಒಂದು ಕಡೆ, ತುದಿ ಒಂದು ಕಡೆ ಎಂಬ ಸಾಲು ತಪ್ಪದ ಕೂದಲಿಗೆ ಪೇಟೆಯಲ್ಲಿ ರೆಮಿ ಎಂಬ ಹೆಸರು, ಅದಕ್ಕೇ ಹೆಚ್ಚು ಬೆಲೆ. ಮೇಲ್ಪೊರೆಯ ಹುರುಪೆಗಳೆಲ್ಲ ಒಂದೇ ದಿಕ್ಕಿಗಿರುವುದರಿಂದ ಸಿಕ್ಕಾಗುವುದಿಲ್ಲ. 2004ರಲ್ಲಿ ಯಹೂದಿ ಧರ್ಮಗುರುಗಳು ಈ ಕೂದಲು ಮೂರ್ತಿಪೂಜೆಯ ಅರ್ಪಣೆ ಎಂದು ನಿಷೇಧಿಸಿದಾಗ ಬ್ರೂಕ್ಲಿನ್ನಿನ ಬೀದಿಯಲ್ಲಿ ಸಂಪ್ರದಾಯಸ್ಥ ಹೆಂಗಸರು ತಮ್ಮ ದುಬಾರಿ ವಿಗ್ಗುಗಳನ್ನು ಸುಟ್ಟರು. ಇಲ್ಲಿ ತಿಮ್ಮಪ್ಪನಿಗೆ ಕೊಟ್ಟು ಹಗುರಾದವರು, ಅಲ್ಲಿ ತಿಮ್ಮಪ್ಪನದೆಂದು ತಿಳಿದು ಭಾರವಾದವರು.

ಇನ್ನೊಂದು ಮೂಲ ಇನ್ನೂ ಹತ್ತಿರ. ಹಳ್ಳಿಯ ಹೆಂಗಸರು ಬಾಚಣಿಗೆಯಲ್ಲಿ ಬಂದದ್ದನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಕೂದಲು ಕೊಳ್ಳುವವನು ಬಂದಾಗ ಪಿನ್ನಿಗೋ ಪಾತ್ರೆಗೋ ಕೊಡುತ್ತಾರಲ್ಲ, ಅದು ಮೂಟೆಗಟ್ಟಲೆ ಸೇರುವ ಊರುಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರವೂ ಒಂದು. ಅಲ್ಲಿಯ ಹಾಗೂ ಸುತ್ತಲಿನ ಊರುಗಳ ಹೆಂಗಸರು ಆ ಉಂಡೆಗಳನ್ನು ಸಿಕ್ಕು ಬಿಡಿಸಿ, ಮೊಳೆಹಲಗೆಯಲ್ಲಿ ಬಾಚಿ, ಇಂಚಿನ ಲೆಕ್ಕದಲ್ಲಿ ಕಂತೆ ಕಟ್ಟುತ್ತಾರೆ. ಬುಡ ತುದಿ ಕಲಸಿಹೋದ ಈ ಕೂದಲಿನ ಮೇಲ್ಪೊರೆಯನ್ನು ಮುಂದೆ ಆಮ್ಲದಲ್ಲಿ ಕಿತ್ತು, ಸಿಲಿಕೋನ್ ಬಳಿದು ಮಿನುಗಿಸುವುದುಂಟು. ಅಂಗಡಿಯಲ್ಲಿ ರೇಷ್ಮೆಯಾಗಿದ್ದು ನಾಲ್ಕು ಸಲ ತೊಳೆದ ಮೇಲೆ ಸಿಕ್ಕಾಗಿ ಕೂತರೆ ಆ ಬಳಿತ ಹೋಯಿತು ಎಂದರ್ಥ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ದೇಶ ಬಿಡಲು ನಿಮಗಾಗ ಅನುಮತಿ ಬೇಕಾಯಿತು. ಬಚ್ಚಲ ಜಾಲರಿಗೆ ಇಳಿಯಲು ಮಾತ್ರ ಯಾರ ಅಪ್ಪಣೆಯೂ ಬೇಡ. ತಲೆಯ ಮೇಲಿದ್ದಾಗ ಎಣ್ಣೆ, ಶ್ಯಾಂಪೂ, ಮಾತ್ರೆ ಎಂದು ಖರ್ಚಿನ ಬಾಬ್ತಾಗಿದ್ದವರು ಉದುರಿದ ಮರುಗಳಿಗೆ ಕಿಲೋ ಲೆಕ್ಕದ ಸರಕಾಗುವುದನ್ನು ನೋಡಿದರೆ, ಅಷ್ಟು ಹುರುಪಿನಿಂದ ರಾಜೀನಾಮೆ ಕೊಟ್ಟವರ ಜಾಣತನದ ಬಗ್ಗೆ ನನಗೆ ಗೌರವ ಬರುತ್ತದೆ.

ಹಾಗೆ ನೋಡಿದರೆ ಗುತ್ತಿಗೆ ಪದ್ಧತಿ ನಮ್ಮ ಮನೆಗೆ ಹೊಸದಲ್ಲ. ಅಜ್ಜಿಗೆ ಚೌರಿ ಇತ್ತು. ಮೂರು ಕವಲಿನ ಆ ಚೌರಿಯನ್ನು ಕುತ್ತಿಗೆಯ ಬಳಿ ತನ್ನ ಮೂರು ಕಾಲಿನ ಜೊತೆ ಸೇರಿಸಿ ಹೆಣೆದು, ತುದಿಗೆ ಕುಚ್ಚು ಕಟ್ಟಿ, ರಾತ್ರಿ ಬಿಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದಳು. ರಾತ್ರಿ ಪೂರ್ತಿ ಎಲ್ಲರೆದುರು ಗೂಟದ ಮೇಲಿರುತ್ತಿದ್ದ ಆ ವಸ್ತುವಿನ ಬಗ್ಗೆ ಮನೆಯಲ್ಲಿ ಯಾರಿಗೂ ಗುಟ್ಟು ಎನ್ನುವ ಕಲ್ಪನೆಯೇ ಇರಲಿಲ್ಲ. ಭರತನಾಟ್ಯದ ಹುಡುಗಿಯರು ಇವತ್ತಿಗೂ ಚೌರಿ ಕಟ್ಟಿಯೇ ರಂಗಕ್ಕೇರುತ್ತಾರೆ, ಅವರನ್ನು ಯಾರೂ “ಒರಿಜಿನಲ್ಲಾ?” ಎಂದು ಕೇಳುವುದಿಲ್ಲ. ಪ್ರತಿ ರಾತ್ರಿ ಬಿಚ್ಚಿಡುವ ಒಂದೇ ಕಟ್ಟಳೆಯಿಂದ ಅಜ್ಜಿ ತನ್ನ ಹಣೆಯಂಚನ್ನು ಕೊನೆಯವರೆಗೂ ಉಳಿಸಿಕೊಂಡಳು. ಗೊತ್ತಿದ್ದು ಮಾಡಿದಳೋ, ದಿಂಬಿಗೆ ಚುಚ್ಚುತ್ತದೆ ಎಂದು ಮಾಡಿದಳೋ, ಕೇಳಲು ಈಗ ಅವಳಿಲ್ಲ.

ಆರತಕ್ಷತೆಯ ದಿನದ ಕಾರ್ಯಸೂಚಿ ಹೀಗಿದೆ. ಕ್ಲಿಪ್ಪು ನಿಲ್ಲಲೆಂದು ನಿಮ್ಮನ್ನು ಹಿಂದುಮುಂದಾಗಿ ಬಾಚಿ ಗಂಟು ಹಾಕುವುದನ್ನು ನಿಷೇಧಿಸಲಾಗಿದೆ; ಬದಲಿಗೆ ಹಿಂದಲೆಯಲ್ಲಿ ಸಪಾಟಾಗಿ ಒಂದು ಸಣ್ಣ ಹೆಣಿಗೆ, ಅದರ ಮೇಲೆ ಒಳಗೆ ಸಿಲಿಕೋನ್ ಇರುವ ಕ್ಲಿಪ್ಪು. ಕಿವಿಯ ಮುಂದಿನವರಿಗೆ ಹಾಗೂ ಹಣೆಯಂಚಿನವರಿಗೆ ಪೂರ್ಣ ವಿನಾಯಿತಿ, ಅವರ ಮೇಲೆ ಬೈತಲೆ ಬೊಟ್ಟಿನ ಸರವೂ ಬೀಳದು. ತಲೆನೋವು ಶುರುವಾದರೆ ಫೋಟೊಗ್ರಾಫರ್ ಏನೇ ಹೇಳಲಿ, ಮಹಿಳೆಯರ ಕೊಠಡಿಗೆ ಹೋಗಿ ಕಳಚಲಾಗುವುದು. ರಾತ್ರಿ ಮಲಗುವ ಮುನ್ನ ಗುತ್ತಿಗೆಯವರೆಲ್ಲ ಡಬ್ಬಿಗೆ. ನಿಮ್ಮ ಪೈಕಿ ಯಾರಾದರೂ ಅವರ ಜೊತೆ ಡಬ್ಬಿ ಸೇರಿದ್ದು ಕಂಡುಬಂದರೆ, ಮದುಮಗಳ ಬೀಗರೂಟಕ್ಕೆ ನಾನು ಇಲಿಬಾಲದಲ್ಲೇ ಹಾಜರಾಗುತ್ತೇನೆ.

ಇಂತಿ,
ಈ ತಲೆಯ ಯಜಮಾನಿ

ತಾ.ಕ.: ನಡುನೆತ್ತಿಯಲ್ಲಿ ನೆಟ್ಟಗೆ ನಿಂತು ಗಮನ ಸೆಳೆಯುತ್ತಿರುವ ಬಿಳಿಗೂದಲುಗಳು ದಯವಿಟ್ಟು ಓದಿಕೊಳ್ಳಬೇಕು. ಬಣ್ಣ 1ಬಿ ಎಂದು ನಿಗದಿಯಾಗಿದೆ. ಆಕ್ಷೇಪಣೆಗಳನ್ನು ನಾಗೋಲಿ ಮುಗಿದ ಮೇಲೆ ಸಲ್ಲಿಸಬಹುದು.