ದಿಢೀರಪ್ಪನವರ ಕೋಸು

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಯಾವ ಊರಿಗೆ ಹೋದರೂ ಒಬ್ಬರು ದಿಢೀರಪ್ಪನವರು ಇದ್ದೇ ಇರುತ್ತಾರೆ. ಹೆಸರಲ್ಲೇ ತೆಲುಗಿನ ಒಗ್ಗರಣೆ ಬಿದ್ದಿರುವ ಕ್ಯಾತಗಾನಚೆರ್ಲಿನಂಥ ಊರಲ್ಲೂ ಇರುತ್ತಾರೆ, ಮಧುಗಿರಿ ಬೆಟ್ಟ ಕಾಣುವ ಹೊಸ ಬಡಾವಣೆಯಲ್ಲೂ ಇರುತ್ತಾರೆ. ವಯಸ್ಸು ನಲವತ್ತೈದರಿಂದ ಅರವತ್ತೈದರೊಳಗೆ. ಸರ್ಕಾರಿ ಕೆಲಸದಿಂದ ನಿವೃತ್ತರಾಗಿರಬಹುದು, ಇಲ್ಲವೇ ವಾರವಿಡೀ ಬೆಂಗಳೂರಲ್ಲಿದ್ದು ಶನಿವಾರ ಊರಿಗೆ ಬರುವವರಿರಬಹುದು. ಅಡುಗೆಮನೆಗೂ ಅವರಿಗೂ ಇದುವರೆಗೆ ಇದ್ದ ನಂಟು ನೀರಿನ ಲೋಟದಷ್ಟು. ಈಗ ಉಪ್ಪಿನ ಡಬ್ಬಕ್ಕೆ ಫೋನು ಒರಗಿಸಿ ಕಾರ್ಯಕ್ರಮ ಶುರು ಮಾಡಿದ್ದಾರೆ. ಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಿಂಡಿ, ವಿನೆಗರೋ ನಿಂಬೆರಸವೋ ಬೆರೆಸಿ, ಅಚ್ಚಖಾರದ ಪುಡಿ ಉದುರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿದರೆ ಕೋಸಿನ ಉಪ್ಪಿನಕಾಯಿ ಸಿದ್ಧ. ‘ಹದಿನೈದೇ ನಿಮಿಷ’ ಎನ್ನುತ್ತಾರೆ. ಕೋಸು ತಂದವರು, ಒಗ್ಗರಣೆ ಸೌಟು ಹುಡುಕಿ ಕೊಟ್ಟವರು, ಆಮೇಲೆ ಕಟ್ಟೆ ಒರೆಸಿದವರು, ಇವರ್ಯಾರ ಹೊತ್ತೂ ಆ ಹದಿನೈದು ನಿಮಿಷಕ್ಕೆ ಸೇರಿಲ್ಲ. ಹಾಗೆ ನೋಡಿದರೆ ಮದುವೆಯ ಧಾರೆಯೂ ಹದಿನೈದು ನಿಮಿಷದ್ದೇ.

ಅವರ ಕೋಸು ರುಚಿಯಾಗಿಯೇ ಇರುತ್ತದೆ, ಆ ಬಗ್ಗೆ ತಕರಾರಿಲ್ಲ. ಬಿಸಿ ಮುದ್ದೆ, ಹುರುಳಿಕಾಳಿನ ಸಾರಿನ ಪಕ್ಕದಲ್ಲಿ ಕರಕರ ಎನ್ನುವ ಹುಳಿಖಾರ ಯಾರಿಗೆ ಬೇಡ? ತಕರಾರು ಇರುವುದು ಅವರು ಕೊಡುವ ಕಾರಣದ ಮೇಲೆ. ‘ಕೋಸು ಸುಮ್ಮನೆ ಕೆಟ್ಟುಹೋಗುತ್ತೆ, ಹಿಂಗೆ ಹಾಕಿಟ್ಟರೆ ಉಳಿಯುತ್ತೆ’ ಎನ್ನುತ್ತಾರೆ ದಿಢೀರಪ್ಪನವರು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹೆಚ್ಚದ ಇಡೀ ಕೋಸು, ಹೊರಗಿನ ಎಲೆ ಸಮೇತ, ಫ್ರಿಜ್ಜಿನಲ್ಲಿ ಎರಡು ಮೂರು ವಾರ ನೆಮ್ಮದಿಯಾಗಿ ಕೂತಿರುತ್ತದೆ. ತರಕಾರಿಗಳಲ್ಲಿ ಅದರಷ್ಟು ತಾಳ್ಮೆಯ ಜೀವ ಕಮ್ಮಿ. ಅದೇ ಕೋಸನ್ನು ಹೆಚ್ಚಿ, ಕೈಯಲ್ಲಿ ಹಿಸುಕಿ, ನಿಂಬೆರಸ ಹಿಂಡಿ ಬಾಟಲಿಗೆ ಹಾಕಿದರೆ ಫ್ರಿಜ್ಜಿನಲ್ಲೂ ಒಂದು ವಾರ ಕಳೆಯುವುದು ಕಷ್ಟ. ಹೊರಗಿಟ್ಟರೆ ಪಾವಗಡದ ಬಿಸಿಲು ಎರಡನೇ ದಿನಕ್ಕೇ ತೀರ್ಪು ಕೊಡುತ್ತದೆ. ವಿನೆಗರನ್ನು ಧಾರಾಳವಾಗಿ ಸುರಿದರೆ ಇನ್ನಷ್ಟು ದಿನ ಇರುತ್ತದೆ ನಿಜ, ಆದರೆ ಆಗ ಅದನ್ನು ತಿನ್ನುವವರು ಸಿಗದೆ ಉಳಿಯುತ್ತದೆ, ಅದು ಬೇರೆ ಬಗೆಯ ಉಳಿವು. ಅಂದರೆ ಮೂರು ವಾರ ಬದುಕಬಹುದಾಗಿದ್ದ ಕೋಸಿಗೆ ನಮ್ಮವರು ಒಂದು ವಾರದ ಆಯುಸ್ಸು ದಯಪಾಲಿಸಿದ್ದಾರೆ. ಕೆಡದಂತೆ ಕಾಪಾಡುವ ಕೆಲಸ ಎಂದು ಇದನ್ನು ಕರೆಯುವುದಾದರೆ, ಕಡ್ಲೆಕಾಯಿ ಹುರಿದು ತಿಂದವನು ಬಿತ್ತನೆ ಬೀಜ ಜೋಪಾನ ಮಾಡಿದ ಎನ್ನಬೇಕಾಗುತ್ತದೆ.

ನಿಜವಾಗಿ ಕೋಸನ್ನು ಉಳಿಸಿಕೊಂಡವರು ಬೇರೆ ಇದ್ದಾರೆ, ಅವರಿಗೆ ದಿಢೀರ್ ಎಂಬ ಮಾತೇ ಹೊಂದುವುದಿಲ್ಲ. ಜರ್ಮನಿಯ ಕಡೆ, ಕೊರಿಯಾದ ಕಡೆ ಚಳಿಗಾಲದಲ್ಲಿ ಹೊಲದಲ್ಲಿ ಹಸಿರು ಕಾಣುತ್ತಿರಲಿಲ್ಲ. ಅದಕ್ಕೆ ಮುಂಚೆಯೇ ಉಪ್ಪು ಹಾಕಿ ಇಡಬೇಕಿತ್ತು. ಜರ್ಮನ್ನರ ಹುಳಿ ಕೋಸಿಗೆ ಬೀಳುವುದು ಕೋಸಿನ ತೂಕದ ನೂರರಲ್ಲಿ ಎರಡು ಎರಡೂವರೆ ಭಾಗದಷ್ಟು ಉಪ್ಪು ಮಾತ್ರ, ಒಂದು ತೊಟ್ಟು ವಿನೆಗರ್ ಇಲ್ಲ. ಕೋಸಿನಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರೇ ಇರುವುದರಿಂದ ಉಪ್ಪು ಆ ನೀರನ್ನು ಎಳೆದು ಹೊರಗೆ ತರುತ್ತದೆ, ಕೋಸು ತನ್ನ ನೀರಿನಲ್ಲೇ ಮುಳುಗುತ್ತದೆ, ಎಲೆಯ ಮೇಲಿದ್ದ ಬ್ಯಾಕ್ಟೀರಿಯಾಗಳು ವಾರಗಟ್ಟಲೆ ಕೆಲಸ ಮಾಡಿ ಹುಳಿ ತರಿಸುತ್ತವೆ. ಕೊರಿಯಾದಲ್ಲಿ ಊರು ಕೇರಿ ಸೇರಿ ಚಳಿಗಾಲಕ್ಕೆ ಕಿಮ್ಚಿ ಎಂಬ ತಮ್ಮ ಹುಳಿ ಕೋಸು ಹಾಕಿ ಹಂಚಿಕೊಳ್ಳುವ ಪದ್ಧತಿಯನ್ನು 2013ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 1768ರಲ್ಲಿ ಹಡಗು ಹತ್ತಿದ ಕ್ಯಾಪ್ಟನ್ ಜೇಮ್ಸ್ ಕುಕ್ ಟನ್ನುಗಟ್ಟಲೆ ಹುಳಿ ಕೋಸು ಒಯ್ದಿದ್ದ, ನಾವಿಕರಿಗೆ ಸ್ಕರ್ವಿ ರೋಗ ಬರದಿರಲಿ ಎಂದು. ನಾವಿಕರು ಮೂಗು ಮುರಿದರು. ಕುಕ್ ಬಲವಂತ ಮಾಡಲಿಲ್ಲ. ಅಧಿಕಾರಿಗಳ ಮೇಜಿಗೆ ದಿನಾ ಅದನ್ನು ಬಡಿಸಿದ, ಬೇಕಾದವರು ತಿನ್ನಿ ಎಂದ. ದೊಡ್ಡವರು ತಿನ್ನುವುದನ್ನು ಕಂಡ ಮೇಲೆ ಒಂದು ವಾರದೊಳಗೆ ಎಲ್ಲರಿಗೂ ಅಳೆದು ಕೊಡಬೇಕಾಯಿತು. ದಿಢೀರಪ್ಪನವರೂ ಇದೇ ಉಪಾಯ ಬಲ್ಲವರು: ಮನೆಯವರು ಮುಟ್ಟದ ಬಾಟಲಿಯನ್ನು ಮೊದಲು ಬಂದ ನೆಂಟರ ಎಲೆಗೆ ತಿರುಗಿಸುತ್ತಾರೆ. ನೆಂಟರು ‘ಚೆನ್ನಾಗೈತೆ’ ಎನ್ನದೆ ಇನ್ನೇನು ಅಂದಾರು? ಅನ್ನ ಇನ್ನೂ ಬಡಿಸಿಲ್ಲ.

ನಮ್ಮ ಸೀಮೆಗೆ ಹಿಮ ಬೀಳುವುದಿಲ್ಲ, ಮಳೆಯೇ ಸರಿಯಾಗಿ ಬೀಳುವುದಿಲ್ಲ. ಇಲ್ಲಿ ವರ್ಷದಲ್ಲಿ ಕೆಲವೇ ವಾರ ಸಿಕ್ಕು ಮಾಯವಾಗುವುದು ಮಾವಿನಕಾಯಿ. ಹಾಗಾಗಿ ಜಾಡಿ ಸೇರಿದ್ದು ಮಾವಿನಕಾಯಿ. ಕೋಸು ಹಾಗಲ್ಲ. ಮಾಲೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ತೋಟಗಳಿಂದ ವರ್ಷವಿಡೀ ಸಂತೆಗೆ ಬರುತ್ತಲೇ ಇರುತ್ತದೆ. ಕೋಸನ್ನು ಕಾಪಾಡಬೇಕಾದ ಕಷ್ಟ ನಿಜವಾಗಿ ಇರುವುದು ಬೆಳೆದವನಿಗೆ: ಬೆಲೆ ಬಿದ್ದಾಗ ಕಟಾವಿನ ಕೂಲಿಯೂ ಹುಟ್ಟದೆ ಹೊಲದಲ್ಲೇ ಕುರಿಗೆ ಬಿಡುತ್ತಾರೆ, ಟ್ರ್ಯಾಕ್ಟರ್ ಹೊಡೆಸುತ್ತಾರೆ. ಆ ಹೊತ್ತಿಗೆ ಉಪಯೋಗಕ್ಕೆ ಬರುವುದು ಪೀಪಾಯಿಗಟ್ಟಲೆ ಹುಳಿ ಬರಿಸುವ ವಿದ್ಯೆ. ಅರ್ಧ ಕೋಸು ಕೊಂಡು ‘ಸ್ವಲ್ಪ ಕಮ್ಮಿ ಮಾಡ್ಕೊಳಮ್ಮಾ’ ಎಂದು ಚೌಕಾಸಿ ಮಾಡುವ ದಿಢೀರಪ್ಪನವರ ಬಾಟಲಿ ಅಲ್ಲಿಗೆ ನಿಲುಕುವುದಿಲ್ಲ.

ಇಲ್ಲಿ ಅವರ ಕಡೆಯ ವಾದವನ್ನೂ ಕೇಳಬೇಕು. ಮೊದಲನೆಯದು ಆರೋಗ್ಯ. ‘ಹೊಟ್ಟೆಗೆ ಒಳ್ಳೇ ಬ್ಯಾಕ್ಟೀರಿಯಾ’ ಎಂದು ಬಾಟಲಿ ಎತ್ತಿ ತೋರಿಸುತ್ತಾರೆ, ಒಳಗೆ ಅವು ಈಜುತ್ತಿರುವಂತೆ. ಬ್ಯಾಕ್ಟೀರಿಯಾಗೆ ಹುಳಿ ತರಿಸಲು ದಿನಗಳು ಬೇಕು. ಹದಿನೈದು ನಿಮಿಷದಲ್ಲಿ ಅವು ಬಂದು ಕೂತು ಪರಿಚಯ ಹೇಳಿಕೊಳ್ಳುವುದೂ ಮುಗಿಯುವುದಿಲ್ಲ. ವಿನೆಗರ್ ಹಾಕುವುದೇ ಅವು ಬೆಳೆಯದಿರಲಿ ಎಂದು. ತಮಾಷೆಯೆಂದರೆ, ಹುಳಿ ಕೋಸಿನಲ್ಲೂ ಕಿಮ್ಚಿಯಲ್ಲೂ ಮೊದಲು ಕೆಲಸಕ್ಕೆ ಇಳಿಯುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಉದ್ದ ಹೆಸರಿನ ಜೀವಿ ಇವರ ಅಡುಗೆಮನೆಯಲ್ಲಿ ಮೊದಲಿಂದಲೂ ಇದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕುವುದು ಬಹುಪಾಲು ಅದರ ಕೈವಾಡ. ಅದು ಹಬೆಯಲ್ಲಿ ಬೆಂದು ಸಾಯುತ್ತದೆ ಎಂದರೆ, ಮಜ್ಜಿಗೆಯ ಜೀವಿಗಳಂತೂ ಬದುಕಿಯೇ ಹೊಟ್ಟೆಗೆ ಹೋಗುತ್ತವೆ. ಆದರೆ ತಾಯಿ ‘ತಂಗಳು ಮುದ್ದೆ ಐತೆ ಕಣಪ್ಪಾ, ಮಜ್ಜಿಗೇಲಿ ಕಿವುಚಿ ಕೊಡ್ಲಾ’ ಎಂದರೆ ದಿಢೀರಪ್ಪನವರು ಬೇಡವೆನ್ನುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿಲ್ಲ, ವಿಡಿಯೋದಲ್ಲಿ ಬಣ್ಣವೂ ಇಲ್ಲ. ನೇರಳೆ ಕೋಸಿಗೆ ಹುಳಿ ತಾಕಿದರೆ ಝಗ್ಗನೆ ಗುಲಾಬಿ ಆಗುತ್ತದೆ. ರಾಗಿ ಯಾವ ಹುಳಿಗೂ ಬಣ್ಣ ಬದಲಾಯಿಸದ ಕಟ್ಟಾಳು.

ಎರಡನೆಯ ವಾದ ಇದಕ್ಕಿಂತ ಗಟ್ಟಿ. ಮದುವೆ ಮನೆಯಲ್ಲಿ ಅಡುಗೆಯವರು ಬೆಳಿಗ್ಗೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಕಲಸಿ ಒಗ್ಗರಣೆ ಕೊಟ್ಟು ಮಧ್ಯಾಹ್ನ ಬಡಿಸುವುದಿಲ್ಲವೇ? ಅದು ಉಪ್ಪಿನಕಾಯಿ ಆಗುವುದಾದರೆ ಇದೇಕೆ ಆಗಬಾರದು? ಒಪ್ಪಬೇಕಾದ ಮಾತೇ. ಅವಸರದ ಉಪ್ಪಿನಕಾಯಿ ದಿಢೀರಪ್ಪನವರ ಸಂಶೋಧನೆ ಅಲ್ಲ, ಅವರ ಅಪರಾಧವೂ ಅಲ್ಲ. ಪಂಕ್ತಿಗಳ ಜೊತೆ ಅದು ನಡೆದುಕೊಂಡು ಬಂದಿದೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ತೆಲುಗು ಮಾತಾಡುವ ಮನೆಗಳು ಈ ಜಗಳವನ್ನು ಹುಟ್ಟದ ಹಾಗೆಯೇ ಬಗೆಹರಿಸಿವೆ: ಅಂದಂದು ತಿನ್ನುವುದು ಬರೀ ಪಚ್ಚಡಿ, ವರ್ಷಕ್ಕೆ ಎತ್ತಿಡುವುದು ನಿಲವ ಪಚ್ಚಡಿ. ಕೋಸಿನ ಪಚ್ಚಡಿ ಎಂದಿದ್ದರೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ನಮ್ಮವರಿಗೆ ಉಪ್ಪಿನಕಾಯಿ ಎಂಬ ಬಿರುದೇ ಬೇಕು, ಕೋಸು ಕಾಯಿಯೇ ಅಲ್ಲದಿದ್ದರೂ. ಮದುವೆಯ ಅಡುಗೆಯವರು ಮೂರನೇ ಪಂಕ್ತಿ ಏಳುವ ಹೊತ್ತಿಗೆ ತಮ್ಮ ಉಪ್ಪಿನಕಾಯಿಯನ್ನು ಮರೆತಿರುತ್ತಾರೆ. ದಿಢೀರಪ್ಪನವರು ಬಾಟಲಿಗೆ ಚೀಟಿ ಅಂಟಿಸಿ ತಾರೀಖು ಬರೆಯುತ್ತಾರೆ.

ಅವರು ಉಳಿಸಲು ಹೊರಟದ್ದು ಕೋಸನ್ನಲ್ಲ ಎಂಬ ಗುಮಾನಿಗೆ ಆ ಚೀಟಿಯೇ ಮೊದಲ ಸಾಕ್ಷಿ. ಮನೆಯ ಮಾವಿನಕಾಯಿ ಜಾಡಿಗೆ ಚೀಟಿ ಇರುವುದಿಲ್ಲ. ಅದು ಯಾರು ಹಾಕಿದ್ದು ಎಂದು ವರ್ಷವಿಡೀ ಯಾರೂ ಕೇಳುವುದಿಲ್ಲ. ಬೂಷ್ಟು ಬಂದ ದಿನ ಮಾತ್ರ ಮನೆಯವರೆಲ್ಲ ಒಕ್ಕೊರಲಿನಿಂದ ಕೇಳುತ್ತಾರೆ. ಹಾಕಿದವರ ಹೆಸರು ಹೊರಬೀಳುವುದು ತಪ್ಪಾದಾಗಲೇ. ನಾಲ್ಕಳತೆ ಹೋಳಿಗೆ ಒಂದಳತೆ ಉಪ್ಪು ಎಂಬ ಲೆಕ್ಕ ಮನೆಯಿಂದ ಮನೆಗೆ ಚೂರುಪಾರು ಬದಲಾಗುತ್ತದೆ, ಆದರೆ ಎಲ್ಲೂ ಬರೆದಿಟ್ಟಿರುವುದಿಲ್ಲ. ಕಾಯಿ ಒರೆಸಿ ಒಣಗಿಸಬೇಕು, ಜಾಡಿ ಬಿಸಿಲಿಗಿಡಬೇಕು, ಒದ್ದೆ ಕೈ ತಾಕಿಸಬಾರದು, ಮೇಲೆ ಎಣ್ಣೆ ನಿಲ್ಲಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು. ಇಷ್ಟೆಲ್ಲ ಮಾಡಿದ ಮೇಲೂ ಫಲಿತಾಂಶ ಬರಲು ತಿಂಗಳುಗಳು ಬೇಕು. ಕನ್ನಡದಲ್ಲಿ ಪಲ್ಯ ಮಾಡುತ್ತಾರೆ, ಸಾರು ಮಾಡುತ್ತಾರೆ, ಉಪ್ಪಿನಕಾಯಿಯನ್ನು ಮಾತ್ರ ಹಾಕುತ್ತಾರೆ. ಹೆಪ್ಪು ಹಾಕುವ ಹಾಗೆ, ಬೀಜ ಹಾಕುವ ಹಾಗೆ. ಹಾಕಿದ ಮೇಲೆ ನಮ್ಮ ಕೈಯಲ್ಲಿರುವುದು ಕಾಯುವುದಷ್ಟೇ. ಈ ಪರೀಕ್ಷೆಗೆ ಗಂಡಸರು ಕೂತದ್ದು ಅಪರೂಪ, ಕೂರಿಸಿದ್ದೂ ಅಪರೂಪ. ಮಡಿ, ಮೈಲಿಗೆ, ‘ನಿನಗ್ಯಾಕೆ, ಹೊರಗೆ ಹೋಗು’ ಎಂಬ ಗದರಿಕೆ ಎಲ್ಲ ಸೇರಿ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿದವು. ದಿಢೀರ್ ಉಪ್ಪಿನಕಾಯಿ ಆ ಹೊಸ್ತಿಲಿಗೆ ಹಿಂಬಾಗಿಲು ತೆಗೆಯಿತು. ಪ್ರಶ್ನೆಪತ್ರಿಕೆ ಫೋನಿನಲ್ಲಿ ಸಿಗುತ್ತದೆ, ಹದಿನೈದು ನಿಮಿಷಕ್ಕೆ ಫಲಿತಾಂಶ ಬರುತ್ತದೆ, ಬೂಷ್ಟು ಬರುವ ಮೊದಲೇ ಬಾಟಲಿ ಖಾಲಿ. ನಪಾಸಾಗಲು ಜಾಗವೇ ಇಲ್ಲದ ಪರೀಕ್ಷೆಯಲ್ಲಿ ಅವರು ಮೊದಲ ದರ್ಜೆಯಲ್ಲಿ ಪಾಸಾಗಿದ್ದಾರೆ. ಉಳಿಸಿಕೊಳ್ಳಬೇಕಾದ್ದು ಆ ಅಂಕಪಟ್ಟಿ. ಎರಡನೇ ಸಾಕ್ಷಿ ಬೇಕಾದರೆ, ಊಟಕ್ಕೆ ಕೂತವರ ಎಲೆಯಲ್ಲಿ ಕೋಸು ಎಷ್ಟು ಉಳಿದಿದೆ ಎಂದು ಅವರು ಓರೆಗಣ್ಣಿನಲ್ಲಿ ಎಣಿಸುವುದನ್ನು ನೋಡಬೇಕು. ಜಾಡಿ ಹಾಕಿದವರು ಯಾವತ್ತೂ ಎಲೆ ನೋಡುವುದಿಲ್ಲ, ಜಾಡಿಯ ಮಟ್ಟ ನೋಡುತ್ತಾರೆ.

ಇಷ್ಟು ಹೇಳಿದರೆ, ಕೊನೆಗಾಲಕ್ಕಾದರೂ ಅಡುಗೆಮನೆಗೆ ಬಂದ ಗಂಡಸನ್ನು ಹೀಗೆ ಗೇಲಿ ಮಾಡಿ ಓಡಿಸಬೇಕೇ ಎಂದು ಕೇಳುವವರಿದ್ದಾರೆ. ಓಡಿಸಬಾರದು. ಹಿಂಬಾಗಿಲಲ್ಲಿ ಬಂದವರೂ ಒಳಗೆ ಬಂದವರೇ. ಈ ವಾರ ಕೋಸು ಹಿಂಡಿದವರು ಮುಂದಿನ ವಾರ ಕಟ್ಟೆ ಒರೆಸಬಹುದು. ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಗಳು ಆಗಿವೆ. ಹಿಂಡಿದ ಕೋಸಿನ ನೀರನ್ನು ಮೋರಿಗೆ ಚೆಲ್ಲದೆ ಸಾರಿಗೆ ಹಾಕಬಹುದು, ಅಷ್ಟು ಉಪ್ಪು ಕಮ್ಮಿ ಹಾಕಿದರಾಯಿತು, ಎಂದು ಹೆಂಡತಿ ಹೇಳಿದ್ದನ್ನು ಮುಂದಿನ ವಿಡಿಯೋದಲ್ಲಿ ತಮ್ಮದೇ ಯೋಚನೆ ಎಂಬಂತೆ ಹೇಳಿದರೂ ಕ್ಷಮಿಸಬಹುದು. ಕಲಿಯುವವರು ಕದ್ದೇ ಕಲಿಯುವುದು. ನ್ಯಾಯವಾಗಿ ಕೇಳಬೇಕಾದ್ದು ಒಂದೇ: ಈ ಬೇಸಿಗೆಯ ಮಾವಿನಕಾಯಿ ಜಾಡಿಯನ್ನು, ಕಾಯಿ ಒರೆಸುವುದರಿಂದ ಬಟ್ಟೆ ಕಟ್ಟುವವರೆಗೆ, ಅವರೇ ಹಾಕಲಿ, ಮುಂದಿನ ಯುಗಾದಿಗೆ ಬಿಚ್ಚಿ ನೋಡೋಣ. ಈ ಸಲಹೆಗೆ ದಿಢೀರಪ್ಪನವರ ವಿರೋಧವೇನೂ ಇಲ್ಲ. ಹೋಳು ಹೆಚ್ಚುವ ಆ ಒಂದು ದಿನ ಮಾತ್ರ ಅವರಿಗೆ ಮಧುಗಿರಿಯಲ್ಲಿ ಸ್ವಲ್ಪ ಕೆಲಸ ಇದೆಯಂತೆ.