ವಿಟೆಕ್ ತಂಬಿ

ರಾಬರ್ಟ್‌ಸನ್‌ಪೇಟೆಯಲ್ಲಿ ನಾಲ್ಕು ಜನ ಹುಡುಗರು ಟೀ ಕುಡಿಯುತ್ತಾ ನಿಂತಿದ್ದರೆ ಅವರಲ್ಲೊಬ್ಬ ವಿಟೆಕ್ ತಂಬಿ ಇದ್ದೇ ಇರುತ್ತಾನೆ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕೆಲಸ ಬೆಂಗಳೂರಿನಲ್ಲಿ, ಮನೆ ಇಲ್ಲೇ ಕೆಜಿಎಫ್‌ನಲ್ಲಿ, ಜೀವ ಮಾತ್ರ ಕೆಎ-08 ನಂಬರಿನ 2002ರ ಹೋಂಡಾ ಸಿಟಿಯಲ್ಲಿ. ಪರಿಚಯವಾಗಿ ಐದು ನಿಮಿಷ ಆಗಿರುವುದಿಲ್ಲ, ಕೇಳಿಯೇಬಿಡುತ್ತಾನೆ: “ಅಣ್ಣಾ, ನೀವೇ ಒಂದು ಮಾತು ಹೇಳಿ. ಗಾಡಿ ಇಟ್ಕೊಳ್ಳೋದಾ, ಕೊಟ್ಟು ಹೊಸದು ತಗೊಳ್ಳೋದಾ?”

“ಹಳೇ ಕಾರು ತಾನೇ, ಕೊಟ್ಬಿಡಪ್ಪ” ಎಂದಿರೋ, ಕೆಟ್ಟಿರಿ. ಒಂದೂವರೆ ಲೀಟರ್ ವಿಟೆಕ್ ಎಂಜಿನ್, 106 ಕುದುರೆ ಶಕ್ತಿ ಎಂದು ಪುರಾಣ ಶುರುವಾಗುತ್ತದೆ. 2003ರಲ್ಲಿ ಕಂಪನಿಯವರು ಸಿಟಿಯ ಹೊಸ ರೂಪ ತಂದಾಗ, ಈ ದೇಶದ ಜನಕ್ಕೆ ಬೇಕಿರೋದು ಮೈಲೇಜು ಎಂದು ಲೆಕ್ಕ ಹಾಕಿ 77 ಕುದುರೆಗೆ ಇಳಿಸಿದರು. ಜನ ಸಂತೋಷವಾಗಿಯೇ ಕೊಂಡರು. ಕಳೆದುಹೋದ ಆ 29 ಕುದುರೆಗಳ ದುಃಖ ತಂಬಿಗೆ ಇನ್ನೂ ಆರಿಲ್ಲ. ಆಗ ಅವನಿನ್ನೂ ಅಂಗನವಾಡಿ ಮೆಟ್ಟಿಲು ಹತ್ತುತ್ತಿದ್ದ ಎಂಬುದು ಬೇರೆ ಮಾತು.

ಆರ್‌ಪಿಎಂ ಮುಳ್ಳು ಮೇಲೇರಿದಾಗ ವಾಲ್ವುಗಳು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಹೊತ್ತು ತೆರೆದುಕೊಳ್ಳುತ್ತವಂತೆ, ಎಂಜಿನ್ನಿನ ದನಿಯೇ ಬೇರೆಯಾಗುತ್ತದಂತೆ. ಆ ದನಿ ಕೇಳಬೇಕಾದರೆ ಹಳ್ಳವೂ ಹಂಪ್ಸೂ ದನವೂ ಇಲ್ಲದ ಅರ್ಧ ಕಿಲೋಮೀಟರ್ ರಸ್ತೆ ಬೇಕು. ಆದ್ದರಿಂದ ನಾವೆಲ್ಲ ಅದನ್ನು ತಂಬಿಯ ಬಾಯಲ್ಲೇ ಕೇಳಿದ್ದೇವೆ. ಚೆನ್ನಾಗಿ ಮಾಡುತ್ತಾನೆ.

ಇನ್ನು ಈ ರಥದ ದಿನಚರಿ. ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ಮನೆಮನೆಗೆ ಬಂದು ಕರೆದ ಹಾಗೆ ನಿಂತು ನಿಂತು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತದೆ. ಸಾವಿರಾರು ಜನ ಹಾಗೇ ಹೋಗಿ ಹಾಗೇ ಬರುತ್ತಾರೆ. ತಂಬಿ ಮಾತ್ರ ಅದೇ ರೈಲು ಹತ್ತುವುದಕ್ಕೆ ಕಾರಿನಲ್ಲಿ ಬಂಗಾರಪೇಟೆಗೆ ಹೋಗುತ್ತಾನೆ. ರೈಲಿಗಿಂತ ಮುಂಚೆ ಮುಟ್ಟಿದ ದಿನ ಪ್ಲಾಟ್‌ಫಾರ್ಮಿನಲ್ಲಿ ಅವನ ಕಳೆಯೇ ಬೇರೆ. ಸಂಜೆಯವರೆಗೆ 106 ಕುದುರೆಗಳೂ ಸ್ಟೇಷನ್ ಪಕ್ಕದ ಬಿಸಿಲಲ್ಲಿ ಪಾರ್ಕಿಂಗ್ ಚೀಟಿ ಸಿಕ್ಕಿಸಿಕೊಂಡು ನಿಂತಿರುತ್ತವೆ.

ಮೆಕ್ಯಾನಿಕ್ ಭಾಯ್ ಈ ಸಂಸಾರದ ಕುಲಗುರು. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಪ್ರತಿ ಸಲವೂ ಒಂದೇ ತೀರ್ಪು: “ಎಂಜಿನ್ ಕಲ್ಲು ಹಂಗಿದೆ ತಂಬಿ, ನೀನು ಕಣ್ಮುಚ್ಕೊಂಡು ಇಟ್ಕೋ. ಮಿಕ್ಕಿದ್ದೆಲ್ಲಾ ಬದಲಾಯಿಸಿದ್ರೆ ಸಾಕು.” ಮಿಕ್ಕಿದ್ದು ಎಂದರೆ ಸಸ್ಪೆನ್ಷನ್ ಬುಷ್, ರೇಡಿಯೇಟರ್, ಎಸಿ, ಸ್ಟೀರಿಂಗ್ ರ‍್ಯಾಕ್, ಬಾಗಿಲ ರಬ್ಬರು. ಅದಕ್ಕಾಗಿ ತಂಬಿಯ ಶನಿವಾರಗಳು ಬೆಂಗಳೂರಿನ ಜೆ.ಸಿ. ರೋಡಿಗೂ ಶಿವಾಜಿನಗರದ ಗುಜರಿಗೂ ಸಂದಿವೆ. ಈ ನಡುವೆ ಬಂಕುಗಳಿಗೆಲ್ಲ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂತು. ಹಳೇ ಗಾಡಿಗಳ ರಬ್ಬರ್ ಪೈಪುಗಳನ್ನು ಅದು ಬೇಗ ಸವೆಸುತ್ತದೆ ಎಂದು ಕೇಳಿದಂದಿನಿಂದ ತಂಬಿ ಪೆಟ್ರೋಲ್ ಹಾಕಿಸುವಾಗ ಮಗುವಿಗೆ ಸೂಜಿ ಚುಚ್ಚಿಸುವವನಂತೆ ಮುಖ ಆಚೆ ತಿರುಗಿಸಿಕೊಳ್ಳುತ್ತಾನೆ.

ಸರ್ಕಾರದ ಲೆಕ್ಕವೂ ಇದೆ. ಸ್ವಂತ ಕಾರಿನ ಆರ್‌ಸಿಗೆ ಆಯುಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಮುಂದುವರಿಸಬೇಕು. ಈ ಗಾಡಿಯ ಮುಂದಿನ ಸರದಿ 2027. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣದ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಗಡುವು ಹತ್ತಿರವಾದಷ್ಟೂ ಟೀ ಅಂಗಡಿಯಲ್ಲಿ ಸಭೆಗಳು ಹೆಚ್ಚಾಗಿವೆ.

ಮನೆಯಲ್ಲಿ ಎದುರು ಪಕ್ಷ ಎಂದರೆ ಅಪ್ಪ. ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ದುಡಿದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದನ್ನು ಕಣ್ಣಾರೆ ಕಂಡವರು. ಒಂದು ದಿನ ರಿಪೇರಿ ಬಿಲ್ಲುಗಳನ್ನೆಲ್ಲ ಕೂಡಿಸಿ ಮಗನ ಮುಂದಿಟ್ಟರು.

“ಒಂದು ಗ್ರಾಂ ಚಿನ್ನ ಮೇಲಕ್ಕೆ ತರೋಕೆ ಆ ಚಿನ್ನದ ಬೆಲೆಗಿಂತ ಜಾಸ್ತಿ ಖರ್ಚು ಬೀಳ್ತಿತ್ತು ಕಣೋ. ಅದಕ್ಕೇ ಮುಚ್ಚಿದ್ದು. ನಿನ್ನ ಗಾಡಿ ಬೆಲೆ ಎಷ್ಟು, ಹಾಕಿರೋ ದುಡ್ಡೆಷ್ಟು, ನೋಡ್ಕೋ.”

ತಂಬಿ ತಲೆ ತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ, “ಇವತ್ತು ಚಿನ್ನದ ರೇಟ್ ಎಷ್ಟಪ್ಪಾ? ಆವತ್ತು ಮುಚ್ಚಬಾರದಿತ್ತು ಅಂತ ದಿನಾ ಹೇಳೋರು ಯಾರು?” ಅಂದ.

ಅಪ್ಪ ಬಿಲ್ಲುಗಳನ್ನು ಮಡಚಿಟ್ಟು ಪೇಪರ್ ಓದಲು ಕೂತರು. ಅಲ್ಲೂ ಗಣಿಯದ್ದೇ ಸುದ್ದಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನ ಬಾಯಿ ಮುಚ್ಚಿ ಕಾಲು ಶತಮಾನವಾದರೂ ಈ ಊರು ಇನ್ನೂ ಬೇರೆಯದನ್ನು ನೆಚ್ಚಿಕೊಂಡಿಲ್ಲ. ಗಣಿ ತ್ಯಾಜ್ಯದ 13 ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದಾಗ ಮತ್ತೊಂದು ಸಲ ಆಸೆ ಚಿಗುರಿತು. ಇಂಥ ಊರಿನಲ್ಲಿ ಹುಟ್ಟಿದವನಿಗೆ ಹಳೆಯದನ್ನು ಬಿಡು ಎಂದು ಯಾವ ಬಾಯಲ್ಲಿ ಹೇಳುವುದು!

ಹಾಗೆಂದು ಅವನು ಮಾರಲು ಪ್ರಯತ್ನವೇ ಪಟ್ಟಿಲ್ಲ ಎಂದರೆ ಅನ್ಯಾಯವಾದೀತು. ಜಾಹೀರಾತಿಗೆ ಫೋಟೋ ಬೇಕೆಂದು ಗಾಡಿ ತೊಳೆದು, ಪಾಲಿಶ್ ಹೊಡೆದು, ಸಂಜೆ ಬಿಸಿಲಿಗೆ ಸರಿಯಾಗಿ ಸೈನೈಡ್ ದಿಬ್ಬದ ಎದುರು ನಿಲ್ಲಿಸಿದ. ಯಶ್ ಸಿನಿಮಾ ಬಂದ ಮೇಲೆ ಆ ದಿಬ್ಬದ ಮುಂದೆ ಸೈಕಲ್ ನಿಲ್ಲಿಸಿದರೂ ನಾಯಕನದ್ದೇ ಗತ್ತು. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಜಾಹೀರಾತು ಕೊಡಲು ಮನಸ್ಸಾಗದೆ ಫೋನಿನ ಮುಖಪುಟಕ್ಕೆ ಹಾಕಿಕೊಂಡ.

ಹೊಸ ಕಾರುಗಳನ್ನೂ ನೋಡಿದ್ದಾನೆ. ಟೆಸ್ಟ್ ಡ್ರೈವ್ ಮಾಡದ ಮಾಡೆಲ್ ಇಲ್ಲ, ಶೋರೂಮ್ ಹುಡುಗರು ಈಗ ಇವನಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದಾರೆ. ಒಂದರಲ್ಲಿ ಪಿಕಪ್ ಇಲ್ಲ, ಇನ್ನೊಂದರ ಸ್ಟೀರಿಂಗ್‌ಗೆ ಜೀವವಿಲ್ಲ, ಮತ್ತೊಂದು ಲೇನ್ ದಾಟಿದರೆ ಕಿರುಚುತ್ತದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ ತೆರೆದಾಗ, ಅಂತೂ ವಿಟೆಕ್ ದನಿಗೊಂದು ರಸ್ತೆ ಸಿಕ್ಕಿತೆಂದು ನನ್ನನ್ನೂ ಕೂರಿಸಿಕೊಂಡು ಹೋದ. ಮುಳ್ಳು ಏರಿತು, ದನಿಯೂ ಬಂತು. ನಿಜ ಹೇಳಬೇಕೆಂದರೆ ತಂಬಿ ಮಾಡುವುದೇ ಇನ್ನೂ ಚೆನ್ನಾಗಿದೆ. ಅಷ್ಟರಲ್ಲಿ ಎಲೆಕ್ಟ್ರಿಕ್ ಕಾರೊಂದು ಕಮಕ್ ಕಿಮಕ್ ಎನ್ನದೆ ನಮ್ಮನ್ನು ದಾಟಿಕೊಂಡು ಹೋಯಿತು. ತಂಬಿ ಅದರ ಕಡೆ ನೋಡಲೂ ಇಲ್ಲ. “ಅದು ಕಾರಲ್ಲಣ್ಣ, ಮಿಕ್ಸಿ” ಅಂದ. ಹಿಂದಿರುಗುವಾಗ ಟೆಂಪರೇಚರ್ ಮುಳ್ಳು ಏರತೊಡಗಿದ್ದರಿಂದ ಎಸಿ ಆರಿಸಿ, ಕಿಟಕಿ ಇಳಿಸಿ, ಅರವತ್ತರ ಮೇಲೆ ಹೋಗದಂತೆ ಬಂದೆವು.

ನನ್ನ ಅಭಿಪ್ರಾಯ ಇಷ್ಟೇ: ಅವನಿಗೆ ನಮ್ಮ ತೀರ್ಮಾನ ಬೇಕಾಗಿಲ್ಲ, ಪ್ರಶ್ನೆ ಜೀವಂತವಾಗಿದ್ದರೆ ಸಾಕು. 2027ರಲ್ಲಿ ಹತ್ತು ಸಾವಿರ ಕಟ್ಟುತ್ತಾನೆ, ಅಪ್ಪನೇ ಐದು ಸಾವಿರ ಕೊಡುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಆದ್ದರಿಂದ ಒಳ್ಳೇ ವಿಟೆಕ್ ಸಿಟಿ ಮಾರಾಟಕ್ಕಿದೆಯಂತೆ ಎಂದು ಯಾರಾದರೂ ದುಡ್ಡು ಹಿಡಿದುಕೊಂಡು ಈ ಕಡೆ ಹೊರಟಿದ್ದರೆ, ದಯವಿಟ್ಟು ಬಂಗಾರಪೇಟೆಯಲ್ಲೇ ಇಳಿಯಿರಿ. ಅಲ್ಲಿ ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿ ಸಿಗುತ್ತದೆ, ತಿಂದು ಮುಂದಿನ ರೈಲಿಗೆ ವಾಪಸಾಗಿ. ಅವನು ಗಾಡಿ ಕೊಡುವುದಿಲ್ಲ.